ಚೊಲೊ ಆಟಗಾರ್ತಿ ಅಂದ್ರ ಯಾರು?

ನಿಮ್ಮ ಮನ್ಯಾಗ ಪಂಚಮಿ ಉಂಡಿ ಖಾಲಿ ಆದ್ವೇನು? ನಮ್ಮಲ್ಲಿ ಎಳ್ಳುಂಡಿ ಒಂದು ಡಬ್ಬಿ ಉಳದಾವ, ಬೇಸನುಂಡಿ ಹಬ್ಬದ ದಿನಾನ ಮುಗದ್ವು. ಈ ಸಲ ಅಡಿಗಿ ಮಾತು ಬರಿಯಂಗಿಲ್ಲ, ಆಟದ ಮಾತು ಬರೀತೀನಿ. ಐವತ್ತು ದಾಟಿದಾಕಿಗೆ ಆಟದ ಮಾತ್ಯಾಕ ಅಂತ ನಗಬ್ಯಾಡ್ರಿ. ಪೂರ್ತಿ ಓದಿ ಆಮ್ಯಾಲ ನಗರಿ.

ನಮ್ಮ ಮನ್ಯಾಗ ಹದಿನೈದು ದಿನದಿಂದ ಒಂದು ವಾದ ನಡದದ. ಚೊಲೊ ಆಟಗಾರ್ತಿ ಅಂದ್ರ ಯಾರು ಅಂತ. ನಮ್ಮ ಮನಿಯವ್ರು ಅಂತಾರ, "ಗೆದ್ದಾಕಿನೇ ಚೊಲೊ ಆಟಗಾರ್ತಿ, ಇದರಾಗ ಕೇಳೋದೇನದ?" ಮೂಲಿಮನಿ ಅಕ್ಕ ಅಂತಾಳ, "ಬಾಯಿ ಜೋರಿದ್ದಾಕಿ ಚೊಲೊ ಆಡ್ತಾಳ." ನನ್ನ ಮಾತು ಬ್ಯಾರೆ ಅದ. ಬಾಜೂಕ ಕುಂತಾಕಿಗೆ ಆಕಿ ಪಾಳಿ ಆಕಿಗೇ ಬಿಟ್ಟು, ಆಕಿ ಏನಂತಾಳ ಅಂತ ಕಿವಿಗೊಟ್ಟು ಕೇಳಿ, ಅದರ ಮ್ಯಾಲ ತನ್ನ ಮಾತು ಕಟ್ಟಾಕಿ ಚೊಲೊ ಆಟಗಾರ್ತಿ. ಇದನ್ನ ನಾ ಯಾವ ಪುಸ್ತಕದಾಗೂ ಓದಿಲ್ಲ. ಕೆಟ್ಟಂಗ ಆಡಿ ಕಲ್ತೀನಿ.

ಆಗಿದ್ದು ಹಿಂಗ. ರೊಟ್ಟಿ ಹಬ್ಬದ ದಿನ ಸಂಜಿ. ಸಜ್ಜಿ ರೊಟ್ಟಿ, ಜ್ವಾಳದ ಕಡಕ್ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ ಎಲ್ಲಾ ಓಣ್ಯಾಗ ಹಂಚಿ ಬಂದು ಕಾಲು ಚಾಚಿ ಕುಂತಿದ್ವಿ. ನಾದಿನೇರು ಮರುದಿನ ಬರೋರಿದ್ರು. ಮಳಿ ಹಿಡೀತು, ಕರೆಂಟ್ ಹೋತು. ಟಿವಿ ಇಲ್ಲ, ಏನಿಲ್ಲ. ನಮ್ಮ ಮಗಳು ಬೆಂಗಳೂರಾಗ ಕೆಲಸ ಮಾಡ್ತಾಳಲ್ಲ, ಹಬ್ಬಕ್ಕ ಬಂದಿದ್ಲು. ಆಕಿ ತನ್ನ ಬ್ಯಾಗಿನಾಗಿಂದ ಸಣ್ಣದೊಂದು ಚೀಲ ತಂದು ಪಡಸಾಲ್ಯಾಗ ಚಾಪಿ ಮ್ಯಾಲ ಸುರುವಿದ್ಲು. ಹಸರು, ನೀಲಿ, ಕೆಂಪು ದಾಳ. ನಮ್ಮತ್ತಿ ಒಂದು ಎತ್ತಿ ಚಾರ್ಜರ್ ಲೈಟಿಗೆ ಹಿಡದು, "ಇದೇನವ್ವ, ಕಲ್ಲುಸಕ್ಕರಿ ಹಂಗ ಅದ" ಅಂದ್ರು.

"ಬಾಯಾಗ ಹಾಕ್ಕೊಂಡೀ ಅಜ್ಜಿ, ಅದು ದಾಳ. 20 ಮುಖದ ದಾಳ" ಅಂದ್ಲು ಮಗಳು.

ಪಗಡಿ ದಾಳ ನೋಡೀವಿ, ಕವಡಿ ನೋಡೀವಿ. 20 ಮುಖದ ದಾಳ ನಾವ್ಯಾರೂ ನೋಡಿದ್ದಿಲ್ಲ. ಆಕಿ ಚೀಲದಾಗ 4 ಮುಖದ್ದು, 6 ಮುಖದ್ದು, 8, 10, 12 ಮುಖದ್ದು ಎಲ್ಲಾ ಇದ್ವು. ಬೆಂಗಳೂರಾಗ ರವಿವಾರಕ್ಕೊಮ್ಮೆ ಐದಾರು ಮಂದಿ ಒಬ್ಬರ ಮನ್ಯಾಗ ಕೂಡಿ ಇದನ್ನ ಆಡ್ತಾರಂತ. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೇರಿಕಾದಾಗ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು 1974ರಾಗ ಹೊರಗ ತಂದಿದ್ದು. ಅಂದ್ರ ನನ್ನ ವಾರಿಗಿದೇ ಆತು. ಈಗ ಅದರಂಥಾ ಆಟ ಬಾಳ ಬಂದಾವಂತ.

ಹ್ಯಾಂಗ ಆಡ್ತಾರ ಅಂತ ಹೇಳ್ತೀನಿ, ಕೇಳ್ರಿ. ಚೌಕಾಬಾರಾದಾಗ 25 ಮನಿ ಇರ್ತಾವ, ಕಾಯಿ ಇರ್ತಾವ. ಇದರಾಗ ಮನಿ ಇರಬೇಕಂತೇನಿಲ್ಲ, ನೀವೇ ಕಾಯಿ. ಒಬ್ಬಾಕಿ ಕಥಿ ನಡಸಾಕಿ, ಆಕಿಗೆ ಡಂಜನ್ ಮಾಸ್ಟರ್ ಅಂತಾರ. ಉಳದೋರು ಒಬ್ಬೊಬ್ಬರು ಒಂದೊಂದು ಪಾತ್ರ ಹಿಡೀತಾರ. ಹಾಳ್ಯಾಗ ಆ ಪಾತ್ರದ ಬಲ, ಚುರುಕು, ತಾಳಿಕಿ, ಬುದ್ಧಿ, ವಿವೇಕ, ಮಂದಿನ್ನ ಒಲಿಸೋ ಗುಣ, ಹಿಂಗ ಆರಕ್ಕ ಅಂಕಿ ಬರದಿರ್ತದ. ಕಥಿ ನಡಸಾಕಿ "ನಿಮ್ಮ ಮುಂದ ಇಂಥಾದ್ದದ" ಅಂತ ಹೇಳಿ "ಈಗ ನೀ ಏನ್ ಮಾಡ್ತಿ?" ಅಂತ ಕೇಳ್ತಾಳ. ನೀವು ಹೇಳಬೇಕು. ಆಗೋದೋ ಇಲ್ಲೋ ಅನ್ನೋ ಅನುಮಾನ ಇದ್ದ ಕೆಲಸಕ್ಕ ದಾಳ ಒಗೀಬೇಕು. ದೊಡ್ಡ ಅಂಕಿ ಬಿದ್ರ ಆಗ್ತದ, ಸಣ್ಣದು ಬಿದ್ರ ಕೆಡ್ತದ. ಕೆಟ್ರೂ ಕಥಿ ನಿಂದ್ರಂಗಿಲ್ಲ, ಕೆಟ್ಟ ದಾರಿ ಹಿಡದು ಮುಂದ ಹೋಗ್ತದ. ಕಡೀಕ ಗೆದ್ದೋರು ಸೋತೋರು ಅಂತ ಇರಂಗಿಲ್ಲ. ಎಲ್ಲಾರೂ ಒಂದೇ ಕಡಿ.

ಹಾವು, ರಾಕ್ಷಸ, ಇಂಗ್ಲೀಷ್ ಹೆಸರು ನಮಗ ತಿಳಿಯಂಗಿಲ್ಲ ಅಂತ ಮಗಳು ನಮ್ಮ ರಾಯಚೂರು ಕೋಟಿನೇ ಕಥಿ ಮಾಡಿದ್ಲು. ಬಸ್‌ಸ್ಟ್ಯಾಂಡಿಗೆ ಹೋದಾಗೊಮ್ಮೆ ಆ ಗ್ವಾಡಿ ನೋಡ್ತೀವಿ. 1294ರ ಶಾಸನ ಇರೋ ಆ ಉದ್ದಾನುದ್ದ ಕಲ್ಲು ಎಷ್ಟು ಮಂದಿ ನಿಂತು ನೋಡೀವಿ ಹೇಳ್ರಿ? ಆಕಿ ಕಥಿ 1520ರದ್ದು. ಕೃಷ್ಣದೇವರಾಯ ಕೋಟಿಗೆ ಮುತ್ತಿಗಿ ಹಾಕ್ಯಾನ. ಒಳಗ ಆದಿಲ್‌ಶಾಹಿ ದಂಡು ಅದ. ಗ್ವಾಡಿ ಕೆಡವಾಕ ಮಂದಿ ಹಾರಿ, ಗುದ್ದಲಿ ಹಿಡದಾರ, ಮ್ಯಾಲಿಂದ ಕಲ್ಲು ಬೀಳ್ತಾವ, ರಾಯನ ಕಡಿ ಪೋರ್ಚುಗೀಸರು ಬಂದೂಕು ಹಿಡದು ನಿಂತಾರ. ಇದಿಷ್ಟು ಖರೇ ಇತಿಹಾಸ, ನ್ಯೂನಿಜ್ ಅನ್ನೋ ಪೋರ್ಚುಗೀಸಾಂವ ಬರದಿಟ್ಟಾನಂತ. ಮುಂದಿಂದು ಮಗಳು ಕಟ್ಟಿದ್ದು. ನಮ್ಮೂರ ಸಣ್ಣ ಹುಡುಗಿ ಒಬ್ಬಾಕಿ ಕೋಟಿ ಒಳಗ ಸಿಕ್ಕೊಂಡಾಳ, ನಾವು ನಾಕು ಮಂದಿ ಒಳಗ ಹೊಕ್ಕು ಆಕಿನ್ನ ಕರಕೊಂಡು ಬರಬೇಕು.

ನಾಕು ಪಾತ್ರ ಹಂಚಿದ್ಲು. ನಮ್ಮತ್ತಿ ನನಗ ಕುದುರಿ ಸವಾರನ ಪಾರ್ಟೇ ಬೇಕು ಅಂತ ಹಟ ಹಿಡದ್ರು. ಎಪ್ಪತ್ತೆಂಟು ವರ್ಷ, ಮೊಣಕಾಲು ಮಡಚಾಕ ಬರಂಗಿಲ್ಲ, ಕುದುರಿ ಬೇಕಂತ! ಮೂಲಿಮನಿ ಅಕ್ಕ ಬಳಿಗಾರ್ತಿ ಆದ್ಲು. ನನ್ನ ನೆಗೆಣ್ಣಿ ಸೂಲಗಿತ್ತಿ. ನಾ ಯಾರಾಗಿದ್ದೆ ಅಂತ ಕೇಳಬ್ಯಾಡ್ರಿ, ಗೊತ್ತೇ ಅದ. ಊರ ಗೌಡತಿ.

ಇಲ್ಲಿ ಸ್ವಲ್ಪ ಬಯಲಾಟದ ಮಾತು ಹೇಳಬೇಕು. ನಾ ಸಣ್ಣಾಕಿ ಇದ್ದಾಗ ತವರೂರಾಗ ಬಯಲಾಟ ಅಂದ್ರ ಬೆಳತನಕ. ನಾವು ಹೆಣಮಕ್ಳು ಬಂಡಿ ಮ್ಯಾಲ, ಮಾಳಿಗಿ ಮ್ಯಾಲ ಕುಂತು ನೋಡ್ತಿದ್ವಿ. ದ್ರೌಪದಿ ಆಗಾಂವ ಗಂಡಸು, ಸತ್ಯಭಾಮಿ ಆಗಾಂವ ಗಂಡಸು. ಮೀಸಿ ಬೋಳಿಸ್ಕೊಂಡು, ನಮ್ಮವ್ವನ ಸೀರಿನೇ ಇಸಕೊಂಡು ಹೋಗಿ ಉಟ್ಟಿದ್ರು ಒಬ್ಬರು. ಸೀರಿ ನಮ್ಮದು, ಪಾರ್ಟ್ ಅವರದು. ಅದಕ್ಕ ಅವತ್ತು ಪಡಸಾಲ್ಯಾಗ ನನಗ ಒಂದು ಪಾರ್ಟ್ ಸಿಕ್ತಲ್ಲ, ನನ್ನ ಖುಷಿ ಹೇಳಲಿಕ್ಕ ಆಗಂಗಿಲ್ಲ. ಆ ಖುಷ್ಯಾಗೇ ನಾ ಕೆಟ್ಟಿದ್ದು.

ಕಥಿ ಶುರು ಆತು. ಕೋಟಿ ಬಾಗಲಾಗ ಕಾವಲುಗಾರ ತಡದ. ಮಗಳು ನೆಗೆಣ್ಣಿ ಕಡಿ ತಿರುಗಿ "ಸೂಲಗಿತ್ತಿ, ನೀ ಏನ್ ಮಾಡ್ತಿ?" ಅಂದ್ಲು. ನಾ ಅಂದೆ, "ಆಕಿ ಹಿಂದ ನಿಂದರ್ತಾಳ. ನಾ ಗೌಡತಿ ಇದ್ದೀನಿ, ನಾ ಮಾತಾಡ್ತೀನಿ." ಮಾತಾಡಿದೆ, ದಾಳ ಒಗದೆ, 4 ಬಿತ್ತು. ದಾಳ ಚಾಪಿ ಅಂಚಿಗೆ ತಾಗ್ಯದ ಅಂತ ಹೇಳಿ ಇನ್ನೊಮ್ಮೆ ಒಗದೆ. ಆವಾಗ 6. ಕಾವಲುಗಾರ ಬಿಡಲಿಲ್ಲ. ಮತ್ತ ಮಗಳು ನೆಗೆಣ್ಣಿನ್ನ ಕೇಳಿದ್ಲು. ಮತ್ತ ನಾನಾ ಅಂದೆ, "ಆಕಿಗೇನು ಗೊತ್ತಾಗ್ತದ, ಆಕಿ ನನ್ನ ಸಂಗಾಟ ಬರ್ತಾಳ."

ಮೂರನೇ ಸಲ ಮಗಳು ನನ್ನ ಕಡಿ ನೋಡದನ ಅಂದ್ಲು, "ಅವ್ವ, ನಾ ನಿನ್ನ ಕೇಳಿಲ್ಲ. ಚಿಗವ್ವನ್ನ ಕೇಳೀನಿ."

ಯಾರೂ ಮಾತಾಡಲಿಲ್ಲ. ಹೊರಗ ತಗಡಿನ ಮ್ಯಾಲ ಮಳಿ ಸಪ್ಪಳ ಒಂದೇ. ನೆಗೆಣ್ಣಿ ಸೆರಗಿನ ಚುಂಗು ತಿರುವಿಕೋತ ಕುಂತಿದ್ಲು. ಆಕಿ ಈ ಮನಿಗೆ ಬಂದು 24 ವರ್ಷ ಆತು. ನನಗ ಅವಾಗ ಅನಸಿದ್ದು ಏನಂದ್ರ, ಪಾಪ ಆಕಿಗೆ ಹೇಳಾಕ ಬರಂಗಿಲ್ಲ, ಮಗಳು ಸುಮ್ನ ನಾಕು ಮಂದಿ ಮುಂದ ಮಾರಿ ಸಣ್ಣದು ಮಾಡ್ತಾಳ ಅಂತ.

ನೆಗೆಣ್ಣಿ ಸಾವಕಾಶ ಅಂದ್ಲು, "ನಾ ಆ ಕಾವಲುಗಾರನ ಮಾರಿ ನೋಡ್ತೀನಿ."

"ನೋಡಿ?"

"ಆತನ ಕಣ್ಣಾಗ ನಿದ್ದಿ ಇಲ್ಲ. ಮನ್ಯಾಗ ಹೆಂಡ್ತಿಗೆ ದಿನ ತುಂಬ್ಯಾವ. ಕೋಟಿ ಒಳಗಿನ ಸೂಲಗಿತ್ತಿ ಓಡಿ ಹೋಗ್ಯಾಳ. ನಾ ಆತನ ಕಿವ್ಯಾಗ ಅಂತೀನಿ, 'ಯಪ್ಪಾ, ನಾ ಸೂಲಗಿತ್ತಿ ಇದ್ದೀನಿ, ನಿನ್ನ ಮನಿ ತೋರ್ಸು.'"

ಮಗಳ ಕಥ್ಯಾಗ ಕಾವಲುಗಾರಗ ಹೆಂಡ್ತಿನೇ ಇದ್ದಿದ್ದಿಲ್ಲ! ಆಕಿ ಆಮ್ಯಾಲ ನನಗ ಹೇಳಿದ್ಲು. ಆದ್ರ ಮಗಳು "ಇಲ್ಲ ಚಿಗವ್ವ, ಆತಗ ಲಗ್ನ ಆಗಿಲ್ಲ" ಅನ್ನಲಿಲ್ಲ. "ಒಗಿ ದಾಳ" ಅಂದ್ಲು. 17 ಬಿತ್ತು. ಕೋಟಿ ಬಾಗಲ ತೆರೀತು. ಮೂಲಿಮನಿ ಅಕ್ಕ ಚಪ್ಪಾಳಿ ಹೊಡದ ಹೊಡತಕ್ಕ ತೊಟ್ಟಿಲ ಕೂಸು ಎದ್ದು ಅಳಾಕ ಹತ್ತಿತು.

ಅವತ್ತು ರಾತ್ರಿ ಹನ್ನೊಂದರ ತನಕ ಆಡಿದ್ವಿ. ಅದರಾಗ ನಾ ಏನು ನೋಡಿದೆ, ಏನು ತಿಳೀತು, ಅದನ್ನ ಒಂದೊಂದಾಗಿ ಹೇಳ್ತೀನಿ.

ಮೊದಲನೇದ್ದು, ತನ್ನ ಪಾಳಿ ಇಲ್ಲದಾಗ ಏನ್ ಮಾಡ್ತಾಳ ಅನ್ನೋದರಾಗ ಆಟಗಾರ್ತಿ ಗೊತ್ತಾಗ್ತಾಳ. ಐದು ಮಂದಿ ಕುಂತ್ರ ನಿಮ್ಮ ಪಾಳಿ ಐದರಾಗ ಒಂದು. ಉಳದ ನಾಕು ಪಾಲು ಹೊತ್ತು ನೀವು ಕೇಳಾಕಿ. ಫೋನ್ ನೋಡಿಕೋತ ಕುಂತು, ಪಾಳಿ ಬಂದಾಗ "ಎಲ್ಲಿದ್ದೀವಿ ಈಗ?" ಅನ್ನಾಕಿ ಇದ್ರ ಕಥಿ ಹರೀತದ. ಮಗಳು ಹೇಳಿದ್ಲು, ಬೆಂಗಳೂರಾಗೂ ಇದೇ ತಂಟಿ, ಓದಿದೋರು, ದೊಡ್ಡ ನೌಕರಿ ಇದ್ದೋರು, ಆದ್ರೂ ಇದೇ ತಂಟಿ ಅಂತ. ಮೂಲಿಮನಿ ಅಕ್ಕ ಇದರಾಗ ಮಾತ್ರ ಬಾಳ ಚೊಲೊ. ತನ್ನ ಪಾಳಿ ಇಲ್ಲದಾಗೂ ಬಾಯಿ ತಕ್ಕೊಂಡು ಸಿನಿಮಾ ನೋಡಿದಂಗ ಕೇಳ್ತಿದ್ಲು. ನೆಗೆಣ್ಣಿ ಒಮ್ಮೆ ಹೇಳಿದ್ದನ್ನ ಅರ್ಧ ತಾಸಿನ ಮ್ಯಾಲ ನೆನಪಿಟ್ಟು "ಆ ಕಾವಲುಗಾರನ ಹೆಂಡ್ತಿ ಮನ್ಯಾಗ ಹುಡುಗಿನ್ನ ಮುಚ್ಚಿಡೋಣು" ಅಂದಾಕಿ ಅಕ್ಕನೇ. ತನ್ನ ಮಾತು ಮತ್ತೊಬ್ಬಾಕಿ ನೆನಪಿಟ್ಟಾಳ ಅಂತ ಗೊತ್ತಾದಾಗ ನೆಗೆಣ್ಣಿ ಮಾರಿ ನೋಡಬೇಕಿತ್ತು ನೀವು.

ಎರಡನೇದ್ದು, ಮತ್ತೊಬ್ಬಾಕಿ ಕೆಡಿಸಿದ್ದನ್ನ ಎತ್ತಿಕೊಳ್ಳೋದು. ನಮ್ಮತ್ತಿ ಕುದುರಿ ಸವಾರ ಅಲ್ಲ? ಒಳಗ ಹೊಕ್ಕ ಮ್ಯಾಲ ಕಂಡ ಕಂಡ ಸಿಪಾಯಿನ್ನ ಹೊಡೀತೀನಿ ಅನ್ನಾಕ ಹತ್ತಿದ್ರು. ದಾಳ 3 ಬಿತ್ತು. ಕತ್ತಿ ಹೋಗಿ ಬಾವ್ಯಾಗ ಬಿತ್ತು. ನಾಕು ಸಿಪಾಯಿಗಳು ಸುತ್ತುವರದ್ರು. ನಾ ಬೈಲಿಕ್ಕ ಬಾಯಿ ತೆರದಿದ್ದೆ. ಅಷ್ಟರಾಗ ಬಳಿಗಾರ್ತಿ ಅಕ್ಕ, "ಅಯ್ಯ, ಬಿಡ್ರಪ್ಪೋ, ನಮ್ಮಪ್ಪ ಕುಡದಾನ, ದಿನಾ ಇದೇ ಗೋಳು" ಅಂತ ಎದಿ ಬಡಕೊಂಡು ಅಳಾಕ ಹತ್ತಿದ್ಲು. ಸಿಪಾಯಿಗಳು ನಕ್ಕು ಬಿಟ್ಟುಕೊಟ್ರು. ಅತ್ತಿ ತಪ್ಪು ಹೋಗಿ ಕಥ್ಯಾಗ ಎಲ್ಲಾಕ್ಕಿಂತ ಚೊಲೊ ಜಾಗ ಆತು. ನಾ ಬೈದಿದ್ರ ಏನಾಗ್ತಿತ್ತು? ಅತ್ತಿ ಸಿಟ್ಟು ಮಾಡ್ಕೊಂಡು ಎದ್ದು ಹೋಗ್ತಿದ್ರು, ಆಟ ಅಲ್ಲಿಗೇ ಮುಗೀತಿತ್ತು. ಬೇಳಿ ಹೊತ್ತಿದ್ರ ಮ್ಯಾಲಿಂದು ತಕ್ಕೊಂಡು ಬ್ಯಾರೆ ಒಗ್ಗರಣಿ ಕೊಡ್ತೀವಿಲ್ಲೋ, ಹಂಗ.

ಮೂರನೇದ್ದು, "ನನ್ನ ಪಾತ್ರ ಇರೋದೇ ಹಂಗ" ಅನ್ನೋ ಮಾತು. ಅತ್ತಿ ಇದನ್ನ ಎರಡು ಸಲ ಅಂದ್ರು. "ಸವಾರ ಅಂದ ಮ್ಯಾಲ ಹೊಡೀಬೇಕವ್ವ." ಮಗಳು ಅಜ್ಜಿಗೆ ಸಾವಕಾಶ ತಿಳಿಸಿದ್ಲು, "ಹೊಡಿ ಅಜ್ಜಿ, ಬ್ಯಾಡನ್ನಂಗಿಲ್ಲ. ಆದ್ರ ನಿನ್ನ ಸವಾರ ಹಂಗ ಯಾಕಿದ್ದಾನ, ಆತನ್ನ ಹಂಗ ಮಾಡಿದಾಕಿ ನೀನಾ ಅಲ್ಲ? ಈ ಮೂವರ ಕೂಡ ಬಾಳ್ವಿ ಮಾಡೋ ಸವಾರನ್ನ ಮಾಡು." ನಾ ಇದನ್ನ ಬರದಿಟ್ಕೊಂಡೀನಿ. ನಮ್ಮ ಮನ್ಯಾಗೂ ಮಂದಿ ಅಂತಾರಲ್ಲ, ನನ್ನ ಸ್ವಭಾವ ಇರೋದೇ ಹಿಂಗ, ಏನ್ ಮಾಡ್ಲಿ ಅಂತ. ನಾನೂ ಅಂತೀನಿ.

ನಾಕನೇದ್ದು, ತನಗ ಗೊತ್ತಿದ್ದು ಬ್ಯಾರೆ, ಪಾತ್ರಕ್ಕ ಗೊತ್ತಿದ್ದು ಬ್ಯಾರೆ ಅನ್ನೋ ಕಬರು ಇರಬೇಕು. ಇದು ಬಯಲಾಟ ನೋಡಿದೋರಿಗೆ ಹೇಳಿ ಕೊಡಬೇಕಿಲ್ಲ. ಅಭಿಮನ್ಯು ಪಾರ್ಟ್ ಮಾಡಾಂವಗ ಚಕ್ರವ್ಯೂಹದಾಗಿಂದ ಹೊರಗ ಬರಂಗಿಲ್ಲ ಅಂತ ಗೊತ್ತಿರ್ತದ, ಕುಂತ ಮಂದಿಗೆಲ್ಲಾ ಗೊತ್ತಿರ್ತದ. ಆದ್ರೂ ಕುಣಕೋತ ಹೋಗ್ತಾನ. ನಮ್ಮ ಆಟದಾಗ ನಾ ಏನ್ ಮಾಡಿದೆ? ಮಗಳು ಮೂಲಿಮನಿ ಅಕ್ಕಗ ಒಬ್ಬಾಕಿಗೇ ಕಂಡಂಗ ಹೇಳಿದ್ದ ಕಳ್ಳದಾರಿನ್ನ ನಾನಾ ಹೋಗಿ ಹೊಕ್ಕೆ. "ಗೌಡತಿಗೆ ಇದು ಹ್ಯಾಂಗ ಗೊತ್ತಾತು?" ಅಂತ ಮಗಳು ಕೇಳಿದಾಗ ಬಾಯಿ ಬಿಡಲಿಲ್ಲ ನಾ.

ಐದನೇದ್ದು, ದಾಳ ಬಿದ್ದಂಗ ಒಪ್ಪಿಕೊಳ್ಳೋದು. ನಾ ಎರಡು ಸಲ ಒಗದಿದ್ದು ಮ್ಯಾಲ ಬರದೀನಿ, ಮುಚ್ಚಿಟ್ಟಿಲ್ಲ. ಹುಡುಗಿನ್ನ ಕರಕೊಂಡು ಖಂದಕ ದಾಟಬೇಕಾದ್ರ ನೆಗೆಣ್ಣಿಗೆ 2 ಬಿತ್ತು. ಕಾಲು ಜಾರಿ ಸೂಲಗಿತ್ತಿಯ ಔಷಧದ ಗಂಟು ನೀರಾಗ ಹೋತು. ನಾ ಆಗಿದ್ರ ಚಾಪಿನ್ನ ಬೈತಿದ್ದೆ. ಆಕಿ ನಕ್ಕೋತ, "ಹೋಗ್ಲಿ ಬಿಡು, ಗಂಟು ಹೋದ್ರ ಹೋತು, ಕೈಯಾಗ ಹುಡುಗಿ ಅದಾಳಲ್ಲ" ಅಂದ್ಲು. ಚೌಕಾಬಾರಾದಾಗ ನಾವೆಲ್ಲಾ ಬೆರಕಿ ಆಗಿ ಬೆಳದೋರು. ನಾಕೂ ಕವಡಿ ಅಂಗಾತ ಬಿದ್ರ ಚೌಕಾ, ನಾಕೂ ಬೋರಲ ಬಿದ್ರ ಬಾರಾ, ಅರ್ಧ ಓರಿ ಆಗಿ ನಿಂತ ಕವಡಿಗೆ ಅರ್ಧ ತಾಸು ಜಗಳ. ಅದರಾಗ ಎದುರಿನಾಕಿ ಕಾಯಿ ಕಡಿಯೋತನಕ ಒಳಗಿನ ಮನಿಗೆ ಹೋಗಾಕ ಬರಂಗಿಲ್ಲ. ಆ ಆಟ ಚೊಲೊನೇ, ನಾ ಬ್ಯಾಡನ್ನಂಗಿಲ್ಲ. ಆದ್ರ ಕಡಿಯೋ ಆಟದ ರೂಢಿ ತಂದು ಈ ಆಟಕ್ಕ ಹಚ್ಚಿದ್ರ ಹೊಂದಂಗಿಲ್ಲ.

ಈಗ ನಮ್ಮ ಮನಿಯವ್ರ ಮಾತಿಗೆ ಬರ್ತೀನಿ. ಗೆಲ್ಲೋದಿಲ್ಲದ ಆಟ ಎಂಥಾ ಆಟ ಅಂತಾರ. ನಾ ಕೇಳ್ತೀನಿ, ಭಜನಿಗೆ ಕುಂತಾಗ ಯಾರು ಗೆಲ್ತಾರ? ಒಬ್ಬಾಂವ ಹಾಡ್ತಾನ, ಒಬ್ಬಾಂವ ತಾಳ ಹಿಡೀತಾನ, ಒಬ್ಬಾಂವ ಹಿಂದ ಎತ್ತಿಕೊಡ್ತಾನ. ತಾಳದಾಂವ ತನ್ನದೇ ನಡೀಲಿ ಅಂತ ಜೋರು ಬಡದ್ರ ಭಜನಿ ಕೆಡ್ತದಿಲ್ಲೋ? ಗೆಲ್ಲೋದಿಲ್ಲ ಅಂದ ಕೂಡ್ಲೇ ಚೊಲೊ ಕೆಟ್ಟ ಅನ್ನೋದು ಇಲ್ಲ ಅಂತಲ್ಲ.

ಮೂಲಿಮನಿ ಅಕ್ಕನ ಮಾತು, ಬಾಯಿ ಜೋರಿದ್ದಾಕಿ ಚೊಲೊ ಆಟಗಾರ್ತಿ ಅನ್ನೋದು. ಇದನ್ನ ಸುಲಭಕ್ಕ ತಳ್ಳಿಹಾಕಾಕ ಬರಂಗಿಲ್ಲ. ಯಾಕಂದ್ರ ಮಾತು ಬರದಿದ್ರ ಈ ಆಟ ನಡಿಯಂಗಿಲ್ಲ, ಅದು ಖರೇ. ಮಗಳ ಗೆಳತಿ ಒಬ್ಬಾಕಿ ಶಿರಸಿ ಕಡಿಯಾಕಿ. ಆಕಿ ಫೋನಿನಾಗ ನನಗ ತಾಳಮದ್ದಳಿ ಬಗ್ಗೆ ಹೇಳಿದ್ಲು. ಅವರ ಕಡಿ, ಮಂಗಳೂರು, ಕಾಸರಗೋಡು ಕಡಿ ಬಾಳ ನಡೀತದಂತ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡ್ತಾರ, ಅರ್ಥಧಾರಿಗಳು ಕುಂತಲ್ಲೇ ಒಬ್ಬರು ಕೃಷ್ಣ, ಒಬ್ಬರು ಕರ್ಣ ಆಗಿ ಮಾತಾಡ್ತಾರ. ಆ ಮಾತು ಬರದಿಟ್ಟು ಬಾಯಿಪಾಠ ಮಾಡಿದ್ದಲ್ಲ, ಅಲ್ಲೇ ಆಗಿಂದಾಗ ಹುಟ್ಟಿದ್ದು. ನಮ್ಮ ಪಡಸಾಲಿ ಆಟಕ್ಕ ಅದು ದೊಡ್ಡಕ್ಕ ಆಗಬೇಕು! ಶೇಣಿ ಗೋಪಾಲಕೃಷ್ಣ ಭಟ್ಟರು ಅನ್ನೋರು ಅದರಾಗ ಬಾಳ ದೊಡ್ಡ ಹೆಸರಂತ. ನಾ ಆಕಿನ್ನ ಕೇಳಿದೆ, ಅಲ್ಲಿ ಚೊಲೊ ಅರ್ಥಧಾರಿ ಅಂತ ಯಾರಿಗಂತೀರಿ? ಆಕಿ ಅಂದ್ಲು, ತಾನು ಚೆನ್ನಾಗಿ ಮಾತಾಡಿದ್ರ ಸಾಲದು ಅತ್ತಿ, ಎದುರು ಕುಂತವರಿಗೆ ಉತ್ತರ ಕೊಡೋಕೆ ಒಂದು ಎಳೆ ಬಿಟ್ಟು ನಿಲ್ಲಿಸಬೇಕು. ಒಬ್ಬರೇ ಗಂಟೆಗಟ್ಟಲೆ ಮಾತಾಡಿದ್ರ ನಮ್ಮಜ್ಜ ಎದ್ದು ಮನೆಗೆ ಹೋಗ್ತಿದ್ರು ಅಂತ. ಮಾತೇ ಬಂಡವಾಳ ಆಗಿರೋ ಕಡೆನೂ ಎದುರಿನವರಿಗೆ ಎಳಿ ಬಿಡಬೇಕಂದ್ರ, ಬಾಯಿ ಜೋರು ಒಂದೇ ಸಾಲಂಗಿಲ್ಲ ಅಂದಂಗಾತಲ್ಲ. ಅಕ್ಕ ಈ ಮಾತು ಇನ್ನಾ ಒಪ್ಪಿಲ್ಲ. ಓದಿ ಒಪ್ತಾಳೋ ಏನೋ ನೋಡಬೇಕು.

ಮಾತು ಕಮ್ಮಿ ಆಡಾಕಿನೂ ಚೊಲೊ ಆಟಗಾರ್ತಿ ಆಗ್ತಾಳ. ನೆಗೆಣ್ಣಿ ಅವತ್ತು ಎಲ್ಲಾ ಕೂಡಿ ಹತ್ತು ಮಾತು ಆಡಿರಬೇಕು. ಆ ಹತ್ತರಾಗ ಆರಕ್ಕ ಕಥಿ ತಿರುಗೇದ. ನಾ ನೂರು ಆಡೀನಿ, ಬಾಗಲಾ ಸುದ್ದಾ ತೆರಿಯಲಿಲ್ಲ.

ಬಯಲಾಟದಾಗ ಸಾರಥಿ ಇರ್ತಾನಲ್ರಿ. ವೇಷ ಒಳಗ ಬಂದ ಕೂಡ್ಲೇ ಸಾರಥಿ ಮುಂದ ನಿಂತು ಕೈ ಮುಗದು ನೀವ್ಯಾರು, ಯಾವೂರು, ಯಾಕ ಬಂದ್ರಿ ಅಂತ ಕೇಳ್ತಾನ. ಸಣ್ಣಾಕಿ ಇದ್ದಾಗ ನಮ್ಮಪ್ಪನ್ನ ಕೇಳಿದ್ದೆ, "ಅಪ್ಪ, ಆತ ಭೀಮ ಅಂತ ಎಲ್ಲಾರಿಗೂ ಗೊತ್ತದ, ಗದಾ ಕೈಯಾಗ ಅದ, ಸಾರಥಿಗೆ ಗೊತ್ತಾಗಂಗಿಲ್ಲೇನು?" ಅಪ್ಪ ಅಂದಿದ್ರು, "ಸಾರಥಿಗೆ ಗೊತ್ತದವ್ವ. ಆದ್ರ ಭೀಮ ತನ್ನ ಬಾಯಿಲೇ ಹೇಳಬೇಕಲ್ಲ." ಆ ಮಾತು ನಲವತ್ತು ವರ್ಷ ನನ್ನ ತಲ್ಯಾಗ ಇತ್ತು. ಅವತ್ತು ರಾತ್ರಿ ಮುಸುರಿ ತಿಕ್ಕಬೇಕಾದ್ರ ಮ್ಯಾಲ ಬಂತು.

ಯಾಕ ಅಂದ್ರ ನೆಗೆಣ್ಣಿ ವಿಷಯದಾಗ ನಾ ಯಾವತ್ತೂ ಕೇಳಿಲ್ಲ, ಗೊತ್ತದ ಅಂತ ಬಿಟ್ಟೀನಿ. "ಆಕಿ ಚಾ ಕುಡಿಯಂಗಿಲ್ಲ." "ಆಕಿಗೆ ಹಸರು ಬಣ್ಣ ಸೇರಂಗಿಲ್ಲ." "ಆಕಿ ಲಗ್ನಕ್ಕ ಬರಂಗಿಲ್ಲ, ಮನ್ಯಾಗ ಇರ್ತಾಳ." ಇದೆಲ್ಲಾ ಆಕಿ ಹೇಳಿದ್ದಲ್ಲ, ನಾ ಹೇಳಿದ್ದು. ಕೆಟ್ಟ ಮನಸಿಲೆ ಹೇಳಿಲ್ಲ. ಮದವಿ ಆಗಿ ಬಂದಾಗ ಆಕಿ ಸಣ್ಣಾಕಿ, ಅಂಜತಿದ್ಲು, ನಾ ಅಡ್ಡ ನಿಂತು ಆಕಿ ಸಲುವಾಗಿ ಮಾತಾಡ್ತಿದ್ದೆ. ಅದು ಬೇಕಾಗಿತ್ತು ಅವಾಗ. ನಿಲ್ಲಿಸೋ ಹೊತ್ತು ಯಾವಾಗ ಬಂತು ಅಂತ ನನಗ ಗೊತ್ತಾಗಲಿಲ್ಲ.

ಪಾತ್ರಿ ತೊಳದು ಡಬ್ಬು ಹಾಕಿಕೋತ ನಾ ಕೇಳಿದೆ. ಆಟದಾಗ ಮಗಳು ಕೇಳಿದಂಗೇ ಕೇಳಿದೆ. "ನಾಳಿ ಪಂಚಮಿಗೆ ನೀ ಏನ್ ಮಾಡ್ತಿ?"

ಆಕಿ ನಕ್ಲು ಮೊದಲ. ಆಟ ಇನ್ನಾ ಮುಗದಿಲ್ಲೇನಕ್ಕ ಅಂದ್ಲು. ನಾ ಸುಮ್ನ ನಿಂತೆ. ಎಳಿ ಬಿಟ್ಟು ನಿಂತೆ ಅನ್ರಿ. ಬಾಳ ಹೊತ್ತಿನ ಮ್ಯಾಲ ಆಕಿ ಅಂದ್ಲು, "ಯಕ್ಕಾ, ನಾ ತವರಿಗೆ ಹೋಗಬೇಕು ಅನಸ್ತದ. ಪಂಚಮಿಗೆ ಹೋಗಿ ಏಳು ವರ್ಷ ಆತು."

ಏಳು ವರ್ಷ ನಾ ಹೇಳಿಕೋತ ಬಂದೀನಿ, ಆಕಿಗೆ ತವರಿನ ಹಂಬಲ ಇಲ್ಲ, ಅಣ್ಣನ ಕೂಡ ಅಷ್ಟಕ್ಕಷ್ಟೇ, ನಾದಿನೇರು ಬಂದಾಗ ಇಬ್ಬರೂ ಸೊಸ್ತೇರು ಇರಬೇಕು ಅಂತ. ನಿಮ್ಮ ಮುಂದೂ ಹೇಳೀನಿ, ನಿಮ್ಮಾಗ ಸುಮಾರು ಮಂದಿ ಕೇಳೀರಿ. ನನಗ ತವರಾಗ ಅವ್ವ ಇಲ್ಲ. ಹೋದ್ರೂ ಹಿತ್ತಲ ನೋಡಿ ಬರಬೇಕು. ಆಕಿ ಅವ್ವ ಇದ್ದಾಳ, ಮಾನ್ವಿ ಕಡಿ ಹಳ್ಳ್ಯಾಗ, ಕಣ್ಣು ಮಂಜಾಗ್ಯಾವ, ಜೋಕಾಲಿ ಕಟ್ಟಿದ ದಿನ ಬಾಗಲ ಕಡಿ ಮಾರಿ ಮಾಡಿ ಕುಂಡರ್ತಾಳಂತ. ಇದು ನನಗ 24 ವರ್ಷದಾಗ ಗೊತ್ತಿದ್ದಿಲ್ಲ.

ಮರುದಿನ ಮುಂಜಾನಿ ಎಂಟರ ಬಸ್ಸಿಗೆ ಆಕಿ ರಾಯಚೂರಿಗೆ ಹೋಗಿ, ಅಲ್ಲಿಂದ ಮಾನ್ವಿ ಬಸ್ ಹತ್ತಿದ್ಲು. ಉಂಡಿ ಡಬ್ಬಿ ನಾನಾ ಕಟ್ಟಿಕೊಟ್ಟೆ. ಮೂವರು ನಾದಿನೇರು, ಅವರ ಮಕ್ಳು, ಅಳಿಯಂದ್ರು, ಎಲ್ಲಾ ಕೂಡಿ ಹದಿನಾಕು ಮಂದಿಗೆ ಒಬ್ಬಾಕಿನೇ ರೊಟ್ಟಿ ಬಡದು ನನ್ನ ಸೊಂಟ ಹಿಡಕೊಂತು. ಎರಡನೇ ದಿನ ಸಿಟ್ಟೂ ಬಂತು, ಸುಳ್ಳು ಹೇಳಂಗಿಲ್ಲ. ಮಗಳನ್ನ ಬೈದೆ, "ನಿನ್ನ ಆಟದಿಂದ ನೋಡು" ಅಂತ. ಆಕಿ ಬಂದು ಕೊಣಮಗಿಗೆ ಕೈ ಹಚ್ಚಿದ್ಲು. ಆಕಿ ರೊಟ್ಟಿ ನಕಾಶಿ ಹಂಗ ಆದ್ವು, ಆದ್ರೂ ತಿಂದ್ರು.

ನೆಗೆಣ್ಣಿ ಐದು ದಿನ ಇದ್ದು ಬಂದ್ಲು. ಬಂದ ದಿನ ಚಾ ಮಾಡಿ "ಕುಡಿತೀಯೇನು?" ಅಂತ ಕೇಳಿದೆ. ಕುಡೀತೀನಿ ಅಂದ್ಲು! ಇಷ್ಟು ವರ್ಷ ಆಕಿ ಪಾಲಿನ ಚಾ ಯಾರು ಕುಡದಾರ ಅಂತ ಲೆಕ್ಕಾ ಹಾಕಬೇಕು.

ಇದನ್ನ ಇಲ್ಲಿ ಹಾಕೋಕಿಂತ ಮೊದಲ ಆಕಿಗೆ ಓದಿ ತೋರಿಸೀನಿ, ಹಾಕು ಅಂದಾಳ. ಒಂದು ತಿದ್ದುಪಡಿನೂ ಹೇಳ್ಯಾಳ. ಹಸರು ಬಣ್ಣ ಆಕಿಗೆ ಖರೇನೇ ಸೇರಂಗಿಲ್ಲಂತ, ಅದೊಂದು ನಾ ಸರಿಯಾಗಿ ಹೇಳೀನಂತ.

ಮಗಳು ಒಂದು 20 ಮುಖದ ದಾಳ ಬಿಟ್ಟು ಹೋಗ್ಯಾಳ. ಬರೋ ಅಮಾಸಿ ದಿನ ಸಂಜಿಮುಂದ ನಮ್ಮ ಪಡಸಾಲ್ಯಾಗ ಕೂಡ್ತೀವಿ. ಈ ಸಲ ಕಥಿ ನಡಸಾಕಿ ನೆಗೆಣ್ಣಿ. ಬರಾಕ ಮನಸಿದ್ದೋರು ಬರ್ರಿ. ಮಂಡಾಳ ಒಗ್ಗರಣಿ, ಮಿರ್ಚಿ ನಾ ಮಾಡ್ತೀನಿ. ಫೋನ್ ಬಾಗಲಾಗ ಬುಟ್ಟ್ಯಾಗ ಇಟ್ಟು ಒಳಗ ಬರಬೇಕು. ದಾಳ ಚಾಪಿಗೆ ತಾಗಿದ್ರೂ ಬಿದ್ದದ್ದೇ ಲೆಕ್ಕ. ಅತ್ತಿ ಮಾತ್ರ ಕುದುರಿ ಬಿಡಂಗಿಲ್ಲ ಅಂತ ಈಗಾಗಲೇ ಹೇಳಿಬಿಟ್ಟಾರ.